ಒಂಬತ್ತನೆಯ ಪಾತಿಯ ಮಣ್ಣು

ಹೋದ ಮಳೆಗಾಲದಲ್ಲಿ ಒಂದು ಸಭೆಗೆ ಹೋಗಿದ್ದೆ. ನಾನು ಸಭೆಗಿಭೆಗೆ ಹೋಗುವವನಲ್ಲ. ಮೊಮ್ಮಗಳು ಹಟ ಹಿಡಿದಳು, ಹೋದೆ. ಕಾಡಿನ ಮೇಲೆ ಸಂಶೋಧನೆ ಮಾಡಿದ ಯುವಕನೊಬ್ಬ ಗೋಡೆಯ ಮೇಲೆ ದೊಡ್ಡ ದೊಡ್ಡ ಚಿತ್ರ ತೋರಿಸಿದ. ಮರದ ಬೇರಿನ ತುದಿ, ಅದನ್ನು ಸುತ್ತಿಕೊಂಡ ಬಿಳಿ ನೂಲಿನಂಥ ಶಿಲೀಂಧ್ರ. ಈ ಶಿಲೀಂಧ್ರ ಮಣ್ಣಿನಿಂದ ನೀರು, ಸತ್ವ ಎಳೆದು ಬೇರಿಗೆ ಕೊಡುತ್ತದೆ, ಮರ ಅದಕ್ಕೆ ಸಕ್ಕರೆ ಉಣ್ಣಿಸುತ್ತದೆ, ನಮ್ಮ ಕಾಡಿನಲ್ಲಿ ಇಷ್ಟು ಜಾತಿಯ ಗಿಡಮರ ಒಟ್ಟಿಗೆ ಬಾಳುತ್ತಿರುವುದರಲ್ಲಿ ಇದರ ಪಾಲು ದೊಡ್ಡದು ಎಂದ. ಜನ ಚಪ್ಪಾಳೆ ತಟ್ಟಿದರು. ಪಕ್ಕದಲ್ಲಿ ಕೂತಿದ್ದವರು ನನ್ನ ಮೊಣಕೈ ತಿವಿದು, ‘ಎಂಥಾ ಅದ್ಭುತ ಅಲ್ವೇನ್ರೀ!’ ಎಂದರು. ನಾನು ಎದ್ದು ಹೊರಗೆ ಬಂದೆ. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ, ಪಾಪ, ಅವನು ಚೆನ್ನಾಗಿಯೇ ಹೇಳಿದ.

ಆ ಬಿಳಿ ನೂಲನ್ನು ನಾನು ನನ್ನ ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಶಿಕಾರಿಪುರದಲ್ಲಿ ಕಣ್ಣಾರೆ ಕಂಡಿದ್ದೆ. ಕಂಡು ಬಾಯಿ ಮುಚ್ಚಿಕೊಂಡಿದ್ದೆ. ಹಾಗೆ ಮುಚ್ಚಿಕೊಂಡದ್ದಕ್ಕೆ ಒಬ್ಬ ಹೆಂಗಸು ಕೆಲಸ ಕಳೆದುಕೊಂಡಳು, ತಲೆಯ ಮೇಲಿನ ಸೂರು ಕಳೆದುಕೊಂಡಳು. ಅದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ಹೆಂಡತಿಗೂ ಹೇಳಿರಲಿಲ್ಲ. ಈಗ ಬರೆಯುತ್ತೇನೆ.

ನಮ್ಮಪ್ಪನದು ಶಿಕಾರಿಪುರದ ಪೇಟೆಯಲ್ಲಿ ದವಸದ ಅಂಗಡಿ. ನಾನು ಅಂಗಡಿಯಲ್ಲಿ ಕೂರಲು ಒಲ್ಲೆನೆಂದು ಶಿವಮೊಗ್ಗಕ್ಕೆ ಹೋಗಿ ಇಂಟರ್‌ಮೀಡಿಯೆಟ್‌ವರೆಗೆ ವಿಜ್ಞಾನ ಓದಿ, ಅಲ್ಲಿ ಡುಮ್ಕಿ ಹೊಡೆದು ವಾಪಸ್ ಬಂದವನು. ಊರ ಹೊರಗೆ ಕೆರೆ ಏರಿಯ ಕೆಳಗೆ ಒಂದು ಸಸಿ ತೋಟವಿತ್ತು. ಕಾಡಿನ ಮರಗಳ ಸಸಿ ಎಬ್ಬಿಸಿ, ಕಡಿದು ಬೋಳಾದ ಕಡೆ ನೆಡಿಸುವ ಕಚೇರಿಯೊಂದರ ತೋಟ ಅದು. ಕಚೇರಿಯ ಹೆಸರು ಬರೆಯುವುದಿಲ್ಲ. ಅಲ್ಲಿ ನನಗೆ ಹಂಗಾಮಿ ಸಹಾಯಕನ ಕೆಲಸ ಸಿಕ್ಕಿತು. ಬೀಜ ಎಣಿಸುವುದು, ಸಸಿಯ ಎತ್ತರ ಅಳೆದು ಬರೆಯುವುದು, ಸಾಹೇಬರು ಹೇಳಿದ್ದಕ್ಕೆ ಹೂಂ ಅನ್ನುವುದು. ಮೂರನೆಯದೇ ಮುಖ್ಯ ಕೆಲಸ.

ಸಾಹೇಬರು ಬೇರೆ ಸೀಮೆಯವರು. ಕೆಟ್ಟವರೇನಲ್ಲ. ದಪ್ಪನೆಯ ಇಂಗ್ಲಿಷ್ ಪುಸ್ತಕವೊಂದನ್ನು ಸದಾ ಕಂಕುಳಲ್ಲಿ ಇಟ್ಟುಕೊಂಡಿರುತ್ತಿದ್ದರು. ಅದರಲ್ಲಿ ಇದ್ದದ್ದು ಇದೆ, ಇಲ್ಲದ್ದು ಲೋಕದಲ್ಲೇ ಇಲ್ಲ. ಐವತ್ತಾರರ ಮಳೆಗಾಲಕ್ಕೆ ಅವರಿಗೆ ಮೇಲಿಂದ ಒಂದು ಕೆಲಸ ಬಂತು. ಸೊರಬದ ಕಾನುಗಳಲ್ಲಿ ಧೂಪದ ಮರಗಳನ್ನು ಬೆಂಕಿಪೆಟ್ಟಿಗೆಗೂ ಹಲಗೆಗೂ ಕಡಿದು ಕಡಿದು ಮುಗಿಸುತ್ತಿದ್ದರು. ಕಾನು ಅಂದರೆ ನಮ್ಮ ಕಡೆ ವರ್ಷವಿಡೀ ಹಸಿರಾಗಿರುವ ದಟ್ಟ ಕಾಡು, ಒಳಗೆ ಹೊಕ್ಕರೆ ಮಧ್ಯಾಹ್ನವೂ ಮಬ್ಬು. ಆ ಧೂಪವನ್ನು ಶಿಕಾರಿಪುರದ ಬಯಲಿನ ತೋಟದಲ್ಲಿ ಬೀಜದಿಂದ ಎಬ್ಬಿಸಿ ತೋರಿಸಬೇಕು. ಯಶಸ್ವಿಯಾದರೆ ಸಾಹೇಬರಿಗೆ ಬಡ್ತಿ.

ಹನ್ನೆರಡು ಪಾತಿ ಮಾಡಿಸಿದರು. ಮಣ್ಣಿನಲ್ಲಿ ಬೂಸ್ಟು, ಶಿಲೀಂಧ್ರ ಇದ್ದರೆ ಎಳೆ ಸಸಿ ಬುಡದಲ್ಲೇ ಕೊಳೆಯುತ್ತದೆ ಎಂದು ಪುಸ್ತಕ ಹೇಳಿತ್ತಂತೆ. ಸರಿ, ಮಣ್ಣನ್ನು ಹುರಿಯಬೇಕು. ಎಲ್ಲಿ ಹುರಿಯುವುದು? ಹತ್ತಿರದ ಆಲೆಮನೆಯಿಂದ ಬೆಲ್ಲ ಕಾಸುವ ಕೊಪ್ಪರಿಗೆ ತರಿಸಿದರು. ಒಂದು ವಾರ ಕೊಪ್ಪರಿಗೆಯಲ್ಲಿ ಮಣ್ಣು ಹುರಿದೆವು. ತೋಟದ ತುಂಬ ಸುಟ್ಟ ಬೆಲ್ಲದ ವಾಸನೆ. ಏರಿಯ ಮೇಲೆ ಹೋಗುವವರೆಲ್ಲ ನಿಂತು, ‘ಏನ್ರಪ್ಪಾ, ಮಣ್ಣಿನ ಉಂಡಿ ಕಟ್ತೀರೇನು?’ ಎಂದು ಕೇಳಿ ನಗುತ್ತಿದ್ದರು.

ಕೊಪ್ಪರಿಗೆಗೆ ಸೌದೆ ಒಟ್ಟುತ್ತಿದ್ದವಳು ನೀರು ಹೊರುವ ಹೆಂಗಸು. ನಲವತ್ತೈದು ದಾಟಿರಬಹುದು. ಸೊರಬದ ಆಚೆ, ಹೊಸಬಾಳೆ ಕಡೆಯ ಒಂದು ಹಳ್ಳಿ ಆಕೆಯ ತವರು. ಗಂಡ ಈ ತೋಟದಲ್ಲಿ ಕಾವಲುಗಾರನಾಗಿದ್ದು ಸತ್ತುಹೋಗಿದ್ದ. ಮಕ್ಕಳಿರಲಿಲ್ಲ. ಗಂಡನ ಕಾಲದ ತಗಡಿನ ಕೋಣೆಯಲ್ಲೇ ಇದ್ದುಕೊಂಡು ದಿನಗೂಲಿಯ ಮೇಲೆ ಕೆರೆಯಿಂದ ನೀರು ಹೊತ್ತು ಪಾತಿಗಳಿಗೆ ಹಾಕುತ್ತಿದ್ದಳು. ಎದುರಿಗೆ ಯಾರಾದರೂ ಇದ್ದರೆ ನನ್ನನ್ನು ಬನ್ನಿ ಹೋಗಿ ಅನ್ನುತ್ತಿದ್ದಳು. ಇಬ್ಬರೇ ಇದ್ದಾಗ ‘ತಮಾ’ ಎಂದು ಶುರು ಮಾಡಿದರೆ ನನ್ನ ಅಂಗಿಯ ಗುಂಡಿಯಿಂದ ಹಿಡಿದು ಮದುವೆಯವರೆಗೆ ಎಲ್ಲಕ್ಕೂ ಕೈ ಹಾಕುತ್ತಿದ್ದಳು.

‘ಮಣ್ಣ ಹುರಿದ್ರೆ ಎಂತ ಉಳೀತದೆ ತಮಾ?’ ಎಂದು ಅವತ್ತು ಕೇಳಿದಳು.

‘ರೋಗ ಸಾಯ್ತದೆ ಅಕ್ಕಾ.’

‘ರೋಗ ಸಾಯ್ತದೆ, ಸರಿ. ಜೀವ?’

ನಾನು ನಕ್ಕುಬಿಟ್ಟೆ. ಮಣ್ಣಿಗೆ ಜೀವ ಎಲ್ಲಿಂದ ಬರಬೇಕು ಎಂದು ಓದಿದವನ ಗತ್ತಿನಲ್ಲಿ ಹೇಳಿದೆ. ಡುಮ್ಕಿ ಹೊಡೆದವನ ಗತ್ತು ಪಾಸಾದವನದ್ದಕ್ಕಿಂತ ಜೋರು.

ಆಕೆಯನ್ನು ಖಾಯಂ ಮಾಡಿಸುತ್ತೇನೆ ಎಂದು ಸಾಹೇಬರು ಮಾತು ಕೊಟ್ಟಿದ್ದರು. ಧೂಪದ ಸಸಿ ಚೆನ್ನಾಗಿ ಬಂದು ಮೇಲಿನವರು ಮೆಚ್ಚಿದರೆ ಆಗ. ಅರ್ಜಿ ಬರೆದುಕೊಟ್ಟವನು ನಾನೇ. ಹೆಬ್ಬೆಟ್ಟು ಒತ್ತಿ, ಆ ಮಸಿಯನ್ನು ಸೆರಗಿಗೆ ಒರೆಸಿಕೊಳ್ಳುತ್ತ, ‘ಖಾಯಂ ಆದ್ರೆ ಈ ಕೋಣೆ ಸಾಯೋವರ್ಗೂ ನಂದೇ ಅಲ್ಲನ? ಯಾರೂ ಏಳು ಅನ್ನಂಗಿಲ್ಲ?’ ಎಂದು ಮೂರು ಸಲ ಕೇಳಿದಳು. ಅಣ್ಣನ ಮನೆಗೆ ಹೋಗಿ ಅತ್ತಿಗೆಯ ಕೈ ಕೆಳಗೆ ಇರುವುದು ಆಕೆಗೆ ಬೇಡವಾಗಿತ್ತು. ಆಕೆಗೆ ಬೇಕಾಗಿದ್ದದ್ದು ಅಷ್ಟೇ, ಆ ತಗಡಿನ ಕೋಣೆ.

ಬಿತ್ತನೆಯಾಗಿ ವಾರವಾಗಿರಬೇಕು. ಎರಡು ದಿನ ತವರಿಗೆ ಹೋಗಿದ್ದವಳು ಬೆಳಗಿನ ಬಸ್ಸಿಗೆ ವಾಪಸ್ ಬಂದಳು. ತಲೆಯ ಮೇಲೆ ಮುತ್ತುಗದ ಎಲೆ ಮುಚ್ಚಿದ ಒಂದು ಬುಟ್ಟಿ. ಹಲಸಿನ ಹಣ್ಣು ತಂದಿರಬೇಕು ಎಂದು ನಾನು ಆಸೆಯಿಂದ ಹಿಂದೆಯೇ ಹೋದೆ. ಆಕೆ ಆ ಕಡೆ ಈ ಕಡೆ ನೋಡಿ ತನ್ನ ಕೋಣೆಯ ಮುಂದಿದ್ದ ಒಂಬತ್ತನೆಯ ಪಾತಿಯ ಹತ್ತಿರ ಕೂತು ಎಲೆ ತೆಗೆದಳು. ಬುಟ್ಟಿಯಲ್ಲಿ ಇದ್ದದ್ದು ಮಣ್ಣು. ಕಪ್ಪು, ಒದ್ದೆ, ಅರ್ಧ ಕೊಳೆತ ಎಲೆ ಬೆರೆತದ್ದು, ಅಣಬೆ ವಾಸನೆಯದು. ಒಂದೊಂದು ಹಿಡಿ ತೆಗೆದು ಬೀಜದ ಸಾಲಿಗೆ ಇಡುತ್ತ ಹೋದಳು.

‘ಅಯ್ಯೋ ಮಾರಾಯ್ತಿ! ಏನಿದು? ಸಾಹೇಬರು ನೋಡಿದ್ರೆ ಇಬ್ಬರ ಚರ್ಮಾನೂ ಸುಲೀತಾರೆ!’

‘ನೀ ಹೇಳ್ಬ್ಯಾಡ. ಅಷ್ಟೇಯ.’

ಆಮೇಲೆ ಹೇಳಿದಳು. ಅವರ ಊರಿನಲ್ಲಿ ಕಾನಿನ ಗಿಡವನ್ನು ಬೇರೆಡೆ ನೆಡುವಾಗ ತಾಯಿಮರದ ಬುಡದ ಮಣ್ಣನ್ನು ಒಂದು ಬುಟ್ಟಿ ಕೇಳಿ ತರುತ್ತಾರೆ. ಕೇಳಿ ತರುವುದು ಅಂದರೆ ಮರಕ್ಕೆ ಕೈ ಮುಗಿದು ಕಡ ಕೇಳುವುದು. ಗಿಡ ತನ್ನ ಕಾಲ ಮೇಲೆ ನಿಂತ ಮೇಲೆ ಅದರ ಬುಡದಿಂದ ಒಂದು ಬುಟ್ಟಿ ಮಣ್ಣು ತೆಗೆದು ತಾಯಿಮರದ ಬುಡಕ್ಕೆ ಹಿಂದಿರುಗಿಸಲೇಬೇಕು. ಅದು ಸರಿ. ಆದರೆ ಸುತ್ತಲಿನ ಕಾನುಗಳಲ್ಲಿ ಧೂಪವೇ ಉಳಿದಿರಲಿಲ್ಲ. ದೊಡ್ಡ ಧೂಪಗಳು ಇದ್ದದ್ದು ದೇವರ ಕಾನಿನಲ್ಲಿ ಮಾತ್ರ. ಅಲ್ಲಿಂದ ಒಣಕಡ್ಡಿಯನ್ನೂ ಹೊರಗೆ ತರುವಂತಿಲ್ಲ, ಕಡವೂ ಇಲ್ಲ. ಈಕೆ ಯಾರಿಗೂ ಹೇಳದೆ ಹೋಗಿ, ಚಪ್ಪಲಿ ಬಿಟ್ಟು, ದೇವರಿಗೆ ತಾನೇ ಮಾತು ಕೊಟ್ಟು, ಒಂದೇ ಒಂದು ಬುಟ್ಟಿ ತಂದಿದ್ದಳು.

‘ವಾಪಸ್ ಹಾಕ್ತೀನಿ ಅಂದೀನಿ ತಮಾ. ಸಸಿ ಕಿತ್ತು ಕುಂಡಕ್ಕೆ ಹಾಕೋವಾಗ ಈ ಪಾತಿ ಮಣ್ಣು ಒಂದು ಬುಟ್ಟಿ ನಂಗೆ ಕೊಡ್ಸು. ಮರೀಬ್ಯಾಡ, ಯಾರಿಗೂ ಹೇಳ್ಲೂಬ್ಯಾಡ. ಆಣೆ ಹಾಕು.’

ಆಣೆ ಹಾಕಿದೆ. ನಗುತ್ತಲೇ ಹಾಕಿದೆ.

ಧೂಪದ ಬೀಜ ದಪ್ಪ. ಮೊಳಕೆ ಬಂದ ಸಸಿ ಆ ಬೀಜದ ಗಂಟಿನಲ್ಲಿ ಇರುವಷ್ಟು ದಿನ ಅದನ್ನೇ ತಿಂದುಕೊಂಡು ಇರುತ್ತದೆ. ಹಾಗಾಗಿ ದೀಪಾವಳಿಯವರೆಗೆ ಹನ್ನೆರಡು ಪಾತಿಯೂ ಹಸಿರು. ಸಾಹೇಬರು ಖುಷಿಯಾಗಿ ಕಚೇರಿಯಲ್ಲಿ ಎಲ್ಲರಿಗೂ ಟೀ ಕೊಡಿಸಿದರು. ಗಂಟು ಕರಗಿತು ನೋಡಿ, ಎಲೆ ಹಳದಿಗೆ ತಿರುಗಿತು. ಸಂಕ್ರಾಂತಿಯ ಹೊತ್ತಿಗೆ ಹನ್ನೊಂದು ಪಾತಿಗಳಲ್ಲಿ ಸಸಿಗಳು ಗೇಣುದ್ದಕ್ಕೇ ನಿಂತು, ತುದಿ ಕಂದಿ, ಒಂದೊಂದೇ ಬೀಳತೊಡಗಿದವು. ಗೊಬ್ಬರ ಹಾಕಿದರು, ನೆರಳು ಕಟ್ಟಿಸಿದರು, ನೀರು ಹೆಚ್ಚಿಸಿದರು. ಆಕೆ ದಿನಕ್ಕೆ ಎಷ್ಟು ಕೊಡ ಹೊರುತ್ತಿದ್ದಳೋ ಲೆಕ್ಕವಿಲ್ಲ. ಕೊಡ ಕೂರಿಸುವ ಬಟ್ಟೆಯ ಸಿಂಬಿ ತಲೆಯ ಮೇಲಿಂದ ಇಳಿಯುತ್ತಲೇ ಇರಲಿಲ್ಲ. ಒಂಬತ್ತನೆಯ ಪಾತಿ ಮಾತ್ರ ಮೊಳಕಾಲೆತ್ತರ ಬಂದು ಕಪ್ಪು ಹಸಿರಾಗಿ ನಿಂತಿತ್ತು.

ಒಂದು ಮಧ್ಯಾಹ್ನ ತಡೆಯಲಾಗದೆ ನಾಲ್ಕನೆಯ ಪಾತಿಯ ಒಂದು ಸಸಿಯನ್ನೂ ಒಂಬತ್ತನೆಯದರ ಒಂದನ್ನೂ ಮಣ್ಣು ಸಮೇತ ಎತ್ತಿ, ಬೋಗುಣಿಯ ನೀರಿನಲ್ಲಿ ತೊಳೆದು, ಮಸೂರದ ಕೆಳಗೆ ಹಿಡಿದೆ. ನಾಲ್ಕನೆಯದರ ಬೇರು ಬರಿಯ ಕಂದು ಕಡ್ಡಿ. ಒಂಬತ್ತನೆಯದರ ಬೇರಿನ ತುದಿಗಳು ಮೊಂಡಾಗಿ, ದಪ್ಪವಾಗಿ, ಒಂದೊಂದೂ ಬಿಳಿಯ ಕುಲಾವಿ ತೊಟ್ಟುಕೊಂಡ ಹಾಗಿದ್ದವು. ಆ ಕುಲಾವಿಯಿಂದ ಬಿಳಿ ಎಳೆಗಳು ಹೊರಟು ಮಣ್ಣಿನ ಹರಳುಗಳನ್ನು ಹಿಡಿದುಕೊಂಡಿದ್ದವು. ನೀರಿನಲ್ಲಿ ಅಲ್ಲಾಡಿಸಿದರೂ ಬಿಡಲಿಲ್ಲ. ಎರಡನ್ನೂ ನೋಟ್‌ಬುಕ್ಕಿನಲ್ಲಿ ಪಕ್ಕ ಪಕ್ಕ ಬರೆದೆ. ನನಗೆ ಚಿತ್ರ ಬರೆಯುವ ಕೈ ಚೆನ್ನಾಗಿತ್ತು. ಅಷ್ಟು ಸಂತೋಷ ನನಗೆ ಆಮೇಲೆ ಯಾವ ಕೆಲಸದಲ್ಲೂ ಆಗಿಲ್ಲ, ಹೇಳಿಬಿಡುತ್ತೇನೆ.

ಓಡಿ ಹೋಗಿ ಸಾಹೇಬರಿಗೆ ತೋರಿಸಿದೆ. ಅವರು ಚಿತ್ರ ನೋಡಿದರು, ಬೇರು ನೋಡಿದರು, ಮುಖ ಗಂಟಿಕ್ಕಿತು.

‘ಇದು ಫಂಗಸ್ ಕಣ್ರೀ. ರೋಗ. ಇದನ್ನು ಕೊಲ್ಲೋಕೇ ಅಲ್ವೇನ್ರೀ ನಾವು ಮಣ್ಣು ಹುರಿದಿದ್ದು? ಒಂಬತ್ತನೇ ಪಾತಿಗೆ ಇದು ಎಲ್ಲಿಂದ ಬಂತು?’

‘ಆದರೆ ಸಾರ್, ಇದಿರೋ ಸಸಿಯೇ ಚೆನ್ನಾಗಿದೆಯಲ್ಲ...’

‘ಎಲ್ಲಿಂದ ಬಂತು ಅಂತ ಕೇಳಿದೆ.’

ಆಣೆ ನೆನಪಾಯಿತು. ಗೊತ್ತಿಲ್ಲ ಸಾರ್ ಎಂದೆ. ಅಂದು ಸುಮ್ಮನಾದದ್ದು ಆಕೆಯ ಸಲುವಾಗಿಯೇ. ಆ ಒಂದು ದಿನ ಮಾತ್ರ.

ಅದೇ ಬೇಸಿಗೆ ಕ್ಯಾಸನೂರಿನ ಕಡೆಯಿಂದ ಸುದ್ದಿ ಬರತೊಡಗಿತು. ಕಾಡಿನಲ್ಲಿ ಮಂಗಗಳು ಮರದಿಂದ ಉದುರಿ ಸಾಯುತ್ತಿವೆ, ಸೌದೆಗೆ, ಒಣ ಎಲೆಯ ದರಗಿಗೆ ಹೋದವರಿಗೆ ಜ್ವರ ಬಂದು ಮೂಗು ಬಾಯಲ್ಲಿ ರಕ್ತ ಬರುತ್ತಿದೆ ಎಂದು. ಏನು ಕಾಯಿಲೆ ಎಂದು ಯಾರಿಗೂ ಗೊತ್ತಿರಲಿಲ್ಲ. ಸೊರಬದಿಂದ ಬರುವ ಬಸ್ಸು ಕಂಡರೆ ನಮ್ಮ ಪೇಟೆಯವರು ಮೂಗಿಗೆ ವಲ್ಲಿ ಅಡ್ಡ ಹಿಡಿಯುತ್ತಿದ್ದರು. ಆಕೆಯ ಅಣ್ಣ ಒಂದು ದಿನ ತೋಟದ ಬೇಲಿಯ ಹತ್ತಿರ ಬಂದು ಮಾತಾಡಿಸಿ ಹೋದ. ಅವರ ಊರಿನಲ್ಲೂ ಜ್ವರ ಬಿದ್ದಿತ್ತು. ದೇವರು ಮೈಮೇಲೆ ಬಂದ ಪೂಜಾರಿ, ‘ನನ್ನ ಕಾನಿನಿಂದ ಏನೋ ಹೊರಗೆ ಹೋಗೈತೆ’ ಅಂದನಂತೆ. ಯಾರು ತೆಗೆದದ್ದು ಎಂದು ಊರವರು ಮನೆಮನೆ ಹುಡುಕುತ್ತಿದ್ದಾರಂತೆ. ಇಷ್ಟು ಹೇಳಿ ಅವನು ಹೊರಟುಹೋದ. ತಂಗಿಯೇ ತೆಗೆದದ್ದೆಂದು ಅವನಿಗೇನು ಗೊತ್ತು.

ಆಕೆ ಅವತ್ತು ಊಟ ಮಾಡಲಿಲ್ಲ. ಸಂಜೆ ಒಂಬತ್ತನೆಯ ಪಾತಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತಿದ್ದಳು. ನಾನು ಸೈಕಲ್ ಹತ್ತುವಾಗ ಕರೆದಳು.

‘ತಮಾ, ನೀ ಓದಿದಂವ. ನಾ ಒಂದು ಬುಟ್ಟಿ ತಂದಿದ್ದಕ್ಕೇ ಬಂತನ ಈ ಜ್ವರ?’

ಇಲ್ಲ ಅಕ್ಕಾ, ಹುಚ್ಚು ಹಿಡಿದಿದೆಯೇ ನಿನಗೆ, ಮಣ್ಣಿಗೂ ಜ್ವರಕ್ಕೂ ಏನು ಸಂಬಂಧ ಎನ್ನಬಹುದಿತ್ತು. ಇಷ್ಟೇ ಮಾತು. ಆದರೆ ಆ ಸಂಜೆ ನನಗೂ ಒಳಗೊಳಗೆ ಅಳುಕು. ವಿಭೂತಿ ಹಚ್ಚುವ ಮನೆಯಲ್ಲಿ ಬೆಳೆದವನು, ವಿಜ್ಞಾನ ಎಲ್ಲಿಯವರೆಗೆ ಬಂದೀತು?

‘ನಂಗೇನು ಗೊತ್ತಕ್ಕಾ’ ಎಂದು ಪೆಡಲ್ ತುಳಿದೆ.

ಮೇಲಿನ ದೊಡ್ಡ ಸಾಹೇಬರು ಯುಗಾದಿ ಕಳೆದು ತನಿಖೆಗೆ ಬಂದರು. ಜೀಪಿನಿಂದ ಇಳಿದು ಪಾತಿಗಳನ್ನು ನೋಡುತ್ತ ಹೋದರು. ಒಂದರಿಂದ ಎಂಟರವರೆಗೆ ಒಣ ಕಡ್ಡಿ. ಒಂಬತ್ತರ ಮುಂದೆ ನಿಂತರು. ಮತ್ತೆ ಹತ್ತು, ಹನ್ನೊಂದು, ಹನ್ನೆರಡು ಒಣ ಕಡ್ಡಿ. ತಿರುಗಿ ಬಂದು ಒಂಬತ್ತರ ಮುಂದೆಯೇ ನಿಂತರು.

‘ಒಂದೇ ಬೀಜ, ಒಂದೇ ಮಣ್ಣು. ಇದೊಂದೇ ಯಾಕೆ ಬದುಕಿದೆ?’

ನಮ್ಮ ಸಾಹೇಬರು ಆ ಪ್ರಶ್ನೆಗೆ ಮೊದಲೇ ಉತ್ತರ ಹುಡುಕಿ ಇಟ್ಟುಕೊಂಡಿದ್ದರು ಎಂದು ಆಗ ಗೊತ್ತಾಯಿತು.

‘ನೀರು ಹಾಕುವವಳ ಸೋಮಾರಿತನ ಸಾರ್. ಈ ಪಾತಿ ಅವಳ ಕೋಣೆಯ ಬಾಗಿಲಲ್ಲೇ ಇದೆ, ನೋಡಿ. ಇದಕ್ಕೊಂದಕ್ಕೆ ಸುರಿದು ಉಳಿದವನ್ನು ಒಣಗಿಸಿದ್ದಾಳೆ.’

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಆ ಹೆಂಗಸು ಬದುಕಿಸಿದ ಪಾತಿಯನ್ನೇ ತಂದು ಅವಳ ಕುತ್ತಿಗೆಗೆ ಕಟ್ಟಿಬಿಟ್ಟರಲ್ಲ! ಆಕೆಯನ್ನು ಕರೆಸಿದರು. ಕೆರೆಯಿಂದ ಬರುತ್ತಿದ್ದಳು, ಕೊಡ ಇಳಿಸಿ ಓಡಿ ಬಂದು ನಿಂತಳು. ಸಿಂಬಿ ತಲೆಯ ಮೇಲೆಯೇ ಇತ್ತು. ಅದರಿಂದ ನೀರು ಹಣೆಯ ಮೇಲೆ ಇಳಿಯುತ್ತಿತ್ತು.

‘ಏನಮ್ಮಾ, ಬೇರೆ ಪಾತಿಗಳಿಗೆ ನೀರು ಹಾಕಿಲ್ಲವಂತೆ? ಇದೊಂದೇ ಹೇಗೆ ಬದುಕಿತು? ನೀನೇನಾದರೂ ಬೇರೆ ಹಾಕಿದ್ದೀಯಾ ಇದಕ್ಕೆ?’ ದೊಡ್ಡ ಸಾಹೇಬರು ಕೇಳಿದ್ದು ಸಿಟ್ಟಿನಿಂದಲ್ಲ. ಸರಿಯಾದ ಪ್ರಶ್ನೆಯನ್ನೇ ಕೇಳಿದರು. ಆ ದಿನ ಸರಿಯಾದ ಪ್ರಶ್ನೆ ಕೇಳಿದವರು ಅವರೊಬ್ಬರೇ.

ಆಕೆ ನನ್ನ ಮುಖ ನೋಡಿದಳು. ಹೌದು, ದೇವರ ಕಾನಿನ ಮಣ್ಣು ಹಾಕಿದೆ ಎಂದರೆ ಕೆಲಸ ಉಳಿಯಬಹುದು. ಆದರೆ ಸುತ್ತ ಕೂಲಿಯವರು ನಿಂತಿದ್ದರು, ಅವರಲ್ಲಿ ಮೂರು ಜನ ಸೊರಬದ ಕಡೆಯವರು. ಸಂಜೆಯೊಳಗೆ ಸುದ್ದಿ ಊರು ಮುಟ್ಟುತ್ತದೆ. ಜ್ವರದಲ್ಲಿ ಸತ್ತವರೆಲ್ಲರ ಸಾವು ಆಕೆಯ ತಲೆಗೆ ಬರುತ್ತದೆ, ಅಣ್ಣನ ಮನೆಯ ಬಾಗಿಲೂ ಮುಚ್ಚುತ್ತದೆ. ಇದೆಲ್ಲ ನನಗೆ ಗೊತ್ತಿತ್ತು. ನಾನು ಮಣ್ಣಿನ ವಿಷಯ ಎತ್ತದೆಯೂ ಆಕೆಯನ್ನು ಉಳಿಸಬಹುದಿತ್ತು. ಸಾರ್, ಈಕೆ ಎಲ್ಲ ಪಾತಿಗೂ ನೀರು ಹಾಕಿದ್ದಾಳೆ, ನಾನು ದಿನವೂ ನೋಡಿದ್ದೇನೆ, ಬೇರಿನಲ್ಲಿ ವ್ಯತ್ಯಾಸ ಇದೆ, ಇಲ್ಲಿದೆ ಚಿತ್ರ. ನೋಟ್‌ಬುಕ್ ನನ್ನ ಕೈಯಲ್ಲೇ ಇತ್ತು. ನಮ್ಮ ಸಾಹೇಬರು ನನ್ನ ಕಡೆ ನೋಡುತ್ತಿದ್ದರು. ನನ್ನ ಹಂಗಾಮಿ ಕೆಲಸವನ್ನು ಮುಂದುವರಿಸುವ ಕಾಗದ ಅವರ ಮೇಜಿನ ಮೇಲೆ ಸಹಿಗೆ ಕಾದಿತ್ತು. ನಾನು ನೋಟ್‌ಬುಕ್ಕನ್ನು ಬೆನ್ನ ಹಿಂದೆ ಹಿಡಿದುಕೊಂಡೆ.

ಆಕೆ ಅದನ್ನು ನೋಡಿದಳು.

‘ಎಂತದೂ ಹಾಕಿಲ್ಲ ಒಡೆಯಾ,’ ಎಂದಳು. ‘ನೀರೇ ಹಾಕ್ಲಿಲ್ಲ ಬೇರೆದಕ್ಕೆ. ಕಾಲು ನೋವು, ಮೈಗಳ್ಳತನ ಮಾಡ್ದೆ. ತಪ್ಪಾತು.’

ಹಣೆಯ ಮೇಲೆ ನೀರು ಇಳಿಯುತ್ತಲೇ ಇತ್ತು. ಅಲ್ಲಿದ್ದ ಒಬ್ಬರಿಗೂ ಅದು ಕಾಣಲಿಲ್ಲವೇ? ನನಗೆ ಕಂಡಿತು, ಏನು ಪ್ರಯೋಜನವಾಯಿತು?

ಹೇಳಿಕೆ ಬರೆದುಕೊಂಡವನು ನಾನೇ, ಅಕ್ಷರ ದುಂಡಗಿದೆ ಎಂದು. ‘ನಾನು ಸ್ವಂತ ಇಚ್ಛೆಯಿಂದ ಒಪ್ಪಿಕೊಳ್ಳುವುದೇನೆಂದರೆ’ ಎಂದು ಶುರು ಮಾಡಿ ಒಂದು ಪುಟ ಬರೆದೆ. ಖಾಯಂ ಅರ್ಜಿಗೆ ಒತ್ತಿದ ಅದೇ ಹೆಬ್ಬೆಟ್ಟನ್ನು ಅದಕ್ಕೂ ಒತ್ತಿದಳು. ಸಾಕ್ಷಿ ಎಂದು ಕೆಳಗೆ ನನ್ನ ಸಹಿ. ವಾರದೊಳಗೆ ಕೋಣೆ ಖಾಲಿ ಮಾಡಬೇಕೆಂದು ಆಜ್ಞೆಯಾಯಿತು. ನನ್ನ ಕಾಗದಕ್ಕೂ ಅದೇ ವಾರ ಸಹಿ ಬಿತ್ತು.

ಹೊರಡುವ ದಿನ ಒಂದು ಗಂಟು, ಒಂದು ಪಾತ್ರೆ ಚೀಲ. ಬಸ್ಸಿನವರೆಗೆ ನಾನು ಗಂಟು ಹಿಡಿದುಕೊಂಡು ಹೋದೆ. ದೊಡ್ಡ ಉಪಕಾರ! ಬೈಯುತ್ತಾಳೆ, ಶಾಪ ಹಾಕುತ್ತಾಳೆ, ಅತ್ತಾದರೂ ಅಳುತ್ತಾಳೆ ಅಂದುಕೊಂಡಿದ್ದೆ. ಒಂದೂ ಮಾಡಲಿಲ್ಲ. ಬಸ್ಸು ಹತ್ತಿ ಕಿಟಕಿಯಿಂದ ಬಗ್ಗಿ, ಪಕ್ಕದವರಿಗೆ ಕೇಳದ ಹಾಗೆ, ‘ತಮಾ, ಪಾತಿ ಕೀಳ್ತಾರೆ ಈಗ. ಒಂದು ಬುಟ್ಟಿ ತೆಗೆದಿಡು. ತಂದ್ಕೊಡು. ಅದೊಂದು ಅಲ್ಲಿ ಹಾಕ್ಬಿಟ್ರೆ ಜ್ವರ ನಿಂತೀತು. ನಂಗೆ ಬೇರೆ ಎಂತ ಬ್ಯಾಡ ನಿನ್ನತ್ರ’ ಎಂದಳು.

ತರುತ್ತೇನೆ ಅಕ್ಕಾ, ಇದೇ ಭಾನುವಾರ ಎಂದೆ.

ಒಂಬತ್ತನೆಯ ಪಾತಿಯ ಸಸಿಗಳನ್ನು ಕುಂಡಕ್ಕೆ ಹಾಕಿಸಿ ಮಣ್ಣನ್ನು ದಾರಿಗೆ ಹರಡಿಸಿದರು. ನಾನು ಒಂದು ಬುಟ್ಟಿ ತುಂಬಿ ಉಗ್ರಾಣದ ಹಿಂದೆ ಇಟ್ಟೆ, ಸುಳ್ಳಲ್ಲ. ಆ ಭಾನುವಾರ ಹೋಗಲಿಲ್ಲ, ಸೊರಬದ ಕಡೆ ಜ್ವರ ಎಂದು ಅವ್ವ ಬಾಗಿಲಿಗೆ ಅಡ್ಡ ನಿಂತಳು. ಮುಂದಿನ ಭಾನುವಾರ ಅವ್ವ ಅಡ್ಡ ನಿಲ್ಲಲಿಲ್ಲ, ನಾನೇ ಹೋಗಲಿಲ್ಲ. ಬುಟ್ಟಿ ಹೊತ್ತು ಊರೊಳಗೆ ಹೋದರೆ ಜನ ಏನೆಂದು ಕೇಳುತ್ತಾರೆ ಎಂದು ನೆಪ. ಮಳೆ ಬಂತು. ಬುಟ್ಟಿಯ ತಳ ಕೊಳೆಯಿತು. ದಸರೆಗೆ ಆಯುಧ ಪೂಜೆಯೆಂದು ಉಗ್ರಾಣ ಗುಡಿಸಿದವರು ಅದನ್ನೂ ಎತ್ತಿ ಎಸೆದರು. ಎರಡೂವರೆ ತಾಸಿನ ಬಸ್ಸು ದಾರಿ, ಅಷ್ಟೇ.

ಮರುವರ್ಷ ಬೇಸಿಗೆಯಲ್ಲಿ ಮೇಲಿಂದ ಒಂದು ಸುತ್ತೋಲೆ ಬಂತು. ಕಾಡಿನ ಕೆಲವು ಮರಗಳ ಬೇರಿಗೆ ಒಂದು ಬಗೆಯ ಶಿಲೀಂಧ್ರ ಬೇಕೇ ಬೇಕೆಂದೂ, ಸಸಿ ಮಾಡುವಾಗ ತಾಯಿಮರದ ಬುಡದ ಮಣ್ಣನ್ನು ಪಾತಿಗೆ ಬೆರೆಸಬೇಕೆಂದೂ, ಮಣ್ಣನ್ನು ಹುರಿಯಬಾರದೆಂದೂ ಅದರಲ್ಲಿತ್ತು. ಸಾಹೇಬರು ಎರಡು ಸಲ ಓದಿದರು. ನಾಚಿಕೆ? ಎಲ್ಲಿ ಬಂತು! ಕುರ್ಚಿಯಿಂದ ಎದ್ದು ನನ್ನ ಬೆನ್ನು ತಟ್ಟಿದರು.

‘ನಾವು ಇದನ್ನ ಆಗಲೇ ಕಂಡಿದ್ವಲ್ರೀ! ನಿಮ್ಮ ಆ ಚಿತ್ರ ಎಲ್ಲಿ? ತನ್ನಿ, ತನ್ನಿ. ಒಂಬತ್ತನೇ ಪಾತಿ ಬಗ್ಗೆ ನಾನೊಂದು ವರದಿ ಕಳಿಸ್ತೀನಿ.’

ಚಿತ್ರ ಕೊಟ್ಟೆ. ಕೊಡುವಾಗ ಹಿಗ್ಗಿದೆ ಕೂಡ, ಥೂ. ವರದಿಯಲ್ಲಿ ಅದು ಸಾಹೇಬರ ಹೆಸರಿನಲ್ಲಿ ಹೋಯಿತು, ಬಡ್ತಿಯೂ ಬಂತು. ಆಕೆಯ ಹೇಳಿಕೆಯ ಕಾಗದ ಮಾತ್ರ ಫೈಲಿನಲ್ಲಿ ಇದ್ದಲ್ಲೇ ಇತ್ತು. ಅದನ್ನು ತೆಗೆಯಬೇಕಲ್ಲ ಸಾರ್ ಎಂದು ನಾನೂ ಅನ್ನಲಿಲ್ಲ.

‘ಧೂಪದ ದೊಡ್ಡ ಮರ ಎಲ್ಲಿವೆ ಗೊತ್ತೇನ್ರೀ, ಮಣ್ಣು ತರೋಕೆ?’ ಎಂದು ಕೇಳಿದರು.

ನನಗೆ ಗೊತ್ತಿತ್ತು. ಆಕೆ ಆಣೆ ಹಾಕಿಸಿಕೊಂಡು ಹೇಳಿದ ಜಾಗ. ಹೇಳಿದೆ.

ಮಳೆಗೆ ಮುಂಚೆ ಲಾರಿ ಹೊರಟಿತು. ನಾನು ಮುಂದೆ ಡ್ರೈವರ್ ಪಕ್ಕ, ಹಿಂದೆ ಆರು ಜನ ಕೂಲಿಯವರು, ಹಾರೆ, ಗುದ್ದಲಿ, ಒಂದರೊಳಗೊಂದು ಪೇರಿಸಿ ಗೋಣಿ ಮುಚ್ಚಿದ ಹೊಸ ಬುಟ್ಟಿಗಳು. ಆಕೆಯ ತವರೂರಿನ ಪಟೇಲರಿಗೆ ಮೊಹರಿನ ಕಾಗದ ತೋರಿಸಿದೆ. ಅವರು ಓದಿ, ಮಡಚಿ ಕೊಟ್ಟು, ‘ದೇವರ ಕಾನು ಅದು’ ಎಂದರು. ಸರ್ಕಾರಿ ಹುಕುಂ ಎಂದೆ. ಹೋದ ಬೇಸಿಗೆಯ ಜ್ವರದಲ್ಲಿ ಊರಿನಲ್ಲಿ ಹೋದವರ ಮಾತು ಬಂತು. ಅವರಲ್ಲಿ ಆಕೆಯ ಅತ್ತಿಗೆಯೂ ಇದ್ದಳು.

ಲಾರಿ ಕಾನಿನ ಅಂಚಿಗೆ ಹೋಗಿ ನಿಂತಿತು. ಊರವರು ದೂರದ ಗದ್ದೆ ಬದುವಿನ ಮೇಲೆ ನಿಂತು ನೋಡುತ್ತಿದ್ದರು. ಅವರೊಳಗಿಂದ ಒಬ್ಬಳು ಬಿಡಿಸಿಕೊಂಡು ಬೇಗ ಬೇಗ ಬಂದಳು. ಬಡಕಲಾಗಿದ್ದಳು, ಒಂದು ವರ್ಷದಲ್ಲಿ ತಲೆ ಪೂರಾ ನೆರೆತಿತ್ತು. ನನ್ನನ್ನು ಕಂಡಳು, ಆಮೇಲೆ ಲಾರಿಯ ಹಿಂದೆ ಪೇರಿಸಿದ್ದ ಬುಟ್ಟಿಗಳನ್ನು ಕಂಡಳು. ಮುಖ ಅರಳಿತು. ನಗುತ್ತಲೇ ಹತ್ತಿರ ಬಂದು ಲಾರಿಯ ಪಟ್ಟಿ ಹಿಡಿದುಕೊಂಡು ಏದುಸಿರು ಬಿಟ್ಟಳು.

‘ಬಂದ್ಯಾ ತಮಾ! ನಂಗೊತ್ತಿತ್ತು ನೀ ಬರ್ತೆ ಅಂತ. ನಾ ಒಂದೇ ಬುಟ್ಟಿ ಕೇಳಿದ್ದಪ್ಪ, ಇಷ್ಟೆಲ್ಲ ಎಂತಕೆ ತಂದೆ ಮಾರಾಯಾ!’

ಆಕೆ ಗೋಣಿಯ ಒಂದು ಮೂಲೆ ಎತ್ತಿದಳು. ಮೇಲಿನ ಬುಟ್ಟಿ ಖಾಲಿ. ಕೈ ಹಾಕಿ ಅದರ ಕೆಳಗಿನದನ್ನು ನೋಡಿದಳು, ಅದರ ಕೆಳಗಿನದನ್ನೂ ನೋಡಿದಳು. ಪಕ್ಕದಲ್ಲಿ ಮಲಗಿಸಿದ್ದ ಹಾರೆಗಳನ್ನು ನೋಡಿದಳು. ಆಮೇಲೆ ಗೋಣಿಯನ್ನು ಎಳೆದು, ಮೊದಲು ಹೇಗಿತ್ತೋ ಹಾಗೆಯೇ ನಾಲ್ಕೂ ಮೂಲೆ ಸರಿ ಮಾಡಿ ಹೊದಿಸಿ, ಬದುವಿನ ಕಡೆ ಹೊರಟಳು.

ಕೂಲಿಯವರು ಇಳಿದು ಚಪ್ಪಲಿ ಬಿಡತೊಡಗಿದರು. ‘ಎಲ್ಲಿ ಅಗೀಬೇಕ್ರೀ?’ ಎಂದು ಒಬ್ಬ ಕೇಳಿದ. ಆಕೆ ಇನ್ನೂ ಕೇಳಿಸುವಷ್ಟು ದೂರದಲ್ಲೇ ಇದ್ದಳು. ನಾನು ಬಾಯಿ ಬಿಡದೆ, ಅತ್ತ ದೊಡ್ಡ ಧೂಪದ ಬುಡವನ್ನು ಕೈ ಮಾಡಿ ತೋರಿಸಿದೆ.